ದಾಳಿಂಬೆ ಗಿಡದ ಬುಡದ ಮಣ್ಣು

ಹತ್ತು ನಿಮಿಷ ಕಾಯಬೇಕಿತ್ತು. ಆದರೆ ಮೂರನೆಯ ನಿಮಿಷಕ್ಕೇ ರೋಗ ಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡತೊಡಗಿತು. ಮೊದಲು ಇದೆಯೋ ಇಲ್ಲವೋ ಎನ್ನುವಷ್ಟು ತೆಳು ಗುಲಾಬಿ, ಆಮೇಲೆ ಯಾರೋ ಪೆನ್ಸಿಲಿನಿಂದ ಒತ್ತಿ ಎಳೆದಷ್ಟು ಸ್ಪಷ್ಟ. ಫದ್ವಾ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಮೇಜಿನ ಮೇಲಿಟ್ಟಳು. ಹನಿ ಹೆಚ್ಚಾಗಿ ಬಿದ್ದಿರಬಹುದೇ ಎಂದು ಡಬ್ಬಿಯ ಮೇಲಿನ ಸೂಚನೆಯನ್ನು ಇನ್ನೊಮ್ಮೆ ಓದಿದಳು. ಮೂರು ಹನಿ ಎಂದಿತ್ತು. ಅವಳು ಹಾಕಿದ್ದೂ ಮೂರೇ.

"ಏನಾಯ್ತು?" ಡಾಕ್ಟರ್ ಅನೀಸ್ ತಲೆ ಎತ್ತದೆ ಕೇಳಿದರು. ಅವರ ಬೆರಳು ನಾಯಿಮರಿಯ ಹೊಟ್ಟೆಯನ್ನು ಒತ್ತಿ ನೋಡುತ್ತಿತ್ತು.

"ಇನ್ನೂ ಏಳು ನಿಮಿಷ ಇದೆ ಡಾಕ್ಟ್ರೇ."

"ಗೆರೆ ಎಷ್ಟಿದೆ ಅಂತ ಕೇಳ್ದೆ."

"ಎರಡು."

ಡಾಕ್ಟರು ಕೈಗವಸು ಬಿಚ್ಚಿ ಬಕೆಟ್ಟಿಗೆ ಹಾಕಿದರು. "ಏಳು ನಿಮಿಷ ಕಾಯೋದೇನೂ ಬೇಡ. ಬಾಗಿಲು ತೆಗೆದಾಗಲೇ ಮೂಗಿಗೆ ಗೊತ್ತಾಗಿತ್ತು."

ಮೇಜಿನ ಮೇಲೆ ಟೊಮೇಟೊ ತುಂಬುವ ಮರದ ಪೆಟ್ಟಿಗೆ, ಅದರಲ್ಲಿ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ಮೂರು ಮರಿಗಳು. ಆರು ವಾರದ ಸಲೂಕಿ ಬೇಟೆನಾಯಿ ಮರಿಗಳು. ಮೈಗಿಂತ ಕಾಲೇ ಉದ್ದ. ಓಡುವುದಕ್ಕೆಂದೇ ಹುಟ್ಟಿದ ಆ ಕಾಲುಗಳೀಗ ಒಂದರ ಮೇಲೊಂದು ಎತ್ತಿಟ್ಟ ಕಡ್ಡಿಗಳಂತೆ ಬಿದ್ದಿದ್ದವು. ಬಾಲದ ಕೆಳಗೆಲ್ಲ ರಕ್ತ ಬೆರೆತ ನೀರು. ಕೊಳೆತದ್ದಕ್ಕೆ ಏನೋ ಸಿಹಿ ಸೇರಿದಂಥ ಆ ವಾಸನೆಯನ್ನು ಫದ್ವಾ ಎರಡು ತಿಂಗಳ ಹಿಂದೆ ಒಮ್ಮೆ ಮೂಸಿದ್ದಳು. ಮರೆಯುವಂಥದ್ದಲ್ಲ.

ಬಾಗಿಲ ಹತ್ತಿರ ಮರಿಗಳ ಯಜಮಾನ ಅಬೂ ಹಾಯಿಲ್ ನಿಂತಿದ್ದರು. ಎಪ್ಪತ್ತು ದಾಟಿದ ಒಣಕಲು ಮನುಷ್ಯ. ಉಮ್ಮ್ ರಸಾಸಿನ ಆಚೆ, ಮರುಭೂಮಿ ಶುರುವಾಗುವ ಕಡೆ ಅವರ ಮನೆ. ಬೆಳಿಗ್ಗೆ ಎದ್ದು ಪಿಕಪ್ ಓಡಿಸಿಕೊಂಡು ಮಾದಬಾ ಊರಿನ ಈ ಪಶು ಆಸ್ಪತ್ರೆಗೆ ಬಂದಿದ್ದರು. ಮರಿಗಳು ಐದಿದ್ದವು. ಎರಡನ್ನು ಮನೆಯ ಹಿಂದೆ ಹೂತು ಬಂದಿದ್ದರು.

"ಪಾರ್ವೋ ಅಂತಾರೆ ಇದಕ್ಕೆ," ಡಾಕ್ಟರ್ ಅನೀಸ್ ಹೇಳಿದರು. "ಕರುಳಿನ ಒಳಗಿನ ಪದರಾನೇ ಸುಲಿದು ಹಾಕುತ್ತೆ. ಇದನ್ನ ಕೊಲ್ಲೋ ಔಷಧಿ ಇಲ್ಲ ಅಬೂ ಹಾಯಿಲ್. ನರದಲ್ಲಿ ನೀರು ಕೊಡ್ತಾ ಇರ್ಬೇಕು, ವಾಂತಿ ನಿಲ್ಲಿಸ್ಬೇಕು, ಬೇರೆ ಸೋಂಕು ಸೇರದ ಹಾಗೆ ತಡೀಬೇಕು. ನಾಲ್ಕು ದಿನ ಎಳೆದ್ರೆ ಬದುಕ್ತವೆ."

"ಎಳೆಯೋದು ಯಾರು, ನೀವೋ ಅವೋ?"

"ಇಬ್ರೂ."

ಮುದುಕರು ತಲೆಯಾಡಿಸಿದರು. "ಇವುಗಳ ತಾಯಿ ಶೀಹಾಗೆ ಒಂಬತ್ತು ವರ್ಷ. ಕೆಚ್ಚಲು ಕೆಟ್ಟೋಯ್ತು, ನಿಮಗೇ ಗೊತ್ತು. ಇನ್ನು ಅವಳು ಹೆರೋದಿಲ್ಲ. ನಮ್ಮಪ್ಪನ ಕಾಲದಿಂದ ಬಂದ ತಳಿ ಡಾಕ್ಟ್ರೇ, ಬೇರೆ ಯಾರ ಹತ್ರಾನೂ ಇಲ್ಲ. ಮೂರರಲ್ಲಿ ಒಂದು ಉಳಿಸಿಕೊಡಿ. ಎರಡು ಕೇಳಿದ್ರೆ ಅತಿಯಾಸೆ ಆಗುತ್ತೆ."

ಫದ್ವಾ ಮೊದಲ ಮರಿಯ ಮುಂಗಾಲು ಹಿಡಿದಳು. ಡಾಕ್ಟರು ಕೂದಲು ಬೋಳಿಸಿ, ಬತ್ತಿ ದಾರದಷ್ಟಾಗಿದ್ದ ನರವನ್ನು ಹುಡುಕಿ ಸೂಜಿ ಇಳಿಸಿದರು. ಕತ್ತಿನ ಚರ್ಮವನ್ನು ಎತ್ತಿ ಬಿಟ್ಟರೆ ಅದು ಎತ್ತಿದ ಹಾಗೇ ನಿಲ್ಲುತ್ತಿತ್ತು, ಮೈಯಲ್ಲಿ ಅಷ್ಟು ನೀರು ಕಡಿಮೆಯಾಗಿತ್ತು. ಮೂರಕ್ಕೂ ಸೂಜಿ ಹಾಕಿ, ಪಟ್ಟಿ ಸುತ್ತಿ, ಗೋಡೆಯ ಮೊಳೆಗಳಿಗೆ ಡ್ರಿಪ್ಪಿನ ಚೀಲ ತೂಗುಹಾಕಿದ ಮೇಲೆ ಡಾಕ್ಟರು ಕೇಳಿದರು:

"ಹೋದ ವಾರ ಸೋಮವಾರ ಇಲ್ಲಿಂದ ಇವನ್ನ ಕರ್ಕೊಂಡು ಹೋದ್ರಲ್ಲ, ದಾರೀಲಿ ಎಲ್ಲಾದ್ರೂ ನಿಂತಿದ್ರಾ?"

"ಕುರಿ ಸಂತೇಲಿ ನಿಂತೆ. ಬೀಗರು ಸಿಕ್ಕಿದ್ರು, ಒಂದು ಲೋಟ ಚಹಾ ಕುಡಿಯೋಣ ಬಾ ಅಂದ್ರು. ಮರಿಗಳನ್ನ ಕೆಳಗಿಳಿಸಿಲ್ಲ."

"ನೀವು ಇಳಿದಿದ್ರಿ."

"ನಾ ಇಳಿದೆ."

"ಅಲ್ಲಿಂದ ಕಾಲಲ್ಲಿ ಬಂದಿರುತ್ತೆ. ಸಂತೇಲಿ ಇಡೀ ಸೀಮೆಯ ನಾಯಿ ಓಡಾಡ್ತವೆ. ಕಣ್ಣಿಗೆ ಕಾಣೋದಲ್ಲ, ಬೂಟಿನ ಅಡಿಗೆ ಹತ್ತಿರುತ್ತೆ. ಸೋಮವಾರ ಹತ್ತಿದ್ರೆ ಶುಕ್ರವಾರ ವಾಂತಿ. ಲೆಕ್ಕ ಸರಿಹೋಗುತ್ತೆ."

ಮುದುಕರು ತಲೆ ಬಗ್ಗಿಸಿ ತಮ್ಮ ಬೂಟು ನೋಡಿಕೊಂಡರು. ಕಂದು ಚರ್ಮದ ಬೂಟು, ಎರಡೂ ಕಡೆ ತುಪ್ಪ ಸವರಿದಷ್ಟು ಹೊಳಪು. ಕಳೆದ ಈದ್ ಹಬ್ಬಕ್ಕೆ ಮಗ ಹಾಯಿಲ್ ಅಮ್ಮಾನಿನಿಂದ ತಂದದ್ದು ಎಂದು ಅವರೇ ಒಮ್ಮೆ ಫದ್ವಾಗೆ ಕಾಲೆತ್ತಿ ತೋರಿಸಿದ್ದರು. ಈಗ ಒಂದು ಹೆಜ್ಜೆ ಹಿಂದೆ ಇಟ್ಟು ಹೊಸ್ತಿಲಿನ ಆಚೆ ನಿಂತರು.

"ಒಂದು ಲೋಟ ಚಹಾ," ಎಂದರು, ಯಾರಿಗೂ ಅಲ್ಲ.

*

ಫದ್ವಾಗೆ ನಲವತ್ತೊಂದು ವರ್ಷ. ತಾಯಿ ಹಾಸಿಗೆ ಹಿಡಿದ ಏಳು ವರ್ಷ ಮನೆಯಲ್ಲೇ ಇದ್ದು, ತಾಯಿ ತೀರಿಕೊಂಡ ಮೇಲೆ ಊರಿನ ತರಬೇತಿ ಕೇಂದ್ರದಲ್ಲಿ ಸಂಜೆ ತರಗತಿಗೆ ಸೇರಿ ಪಶು ಆರೋಗ್ಯ ಸಹಾಯಕಿಯ ಪ್ರಮಾಣಪತ್ರ ಪಡೆದಿದ್ದಳು. ತರಗತಿಯಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವರೇ ಹೆಚ್ಚು. ಅವರು ಮಾತು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು, ಇವಳು ಒಂದಕ್ಷರ ಬಿಡದೆ ಹಸಿರು ರಟ್ಟಿನ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದಳು. ಆಸ್ಪತ್ರೆ ಸೇರಿ ಎರಡು ವರ್ಷವಾದರೂ ಅದು ಕೈಚೀಲದಲ್ಲೇ ಇರುತ್ತಿತ್ತು. ಅಳೆದ ಔಷಧಿಯನ್ನು ಮತ್ತೆ ಅಳೆಯುವುದು, ಹಾಕಿದ ಬೀಗವನ್ನು ಬೀದಿಯ ತುದಿಯಿಂದ ವಾಪಸು ಬಂದು ಎಳೆದು ನೋಡುವುದು ಅವಳ ಸ್ವಭಾವ. ಆಸ್ಪತ್ರೆಯ ಮಹಡಿಯ ಮೇಲೇ ಮನೆ ಇದ್ದ ಡಾಕ್ಟರ್ ಅನೀಸ್ ಅದನ್ನು ಕಂಡು ನಗುತ್ತಿದ್ದರು. ಆದರೆ ಬೀಗದ ಕೈ ಅವಳ ಹತ್ತಿರವೇ ಬಿಟ್ಟಿದ್ದರು.

ಶೀಹಾಗೆ ಕೆಚ್ಚಲು ಬಾವು ಬಂದು, ಹಾಲು ಕೀವಾಗಿ, ಮುದುಕರು ತಾಯಿ-ಮರಿಗಳನ್ನೆಲ್ಲ ಇಲ್ಲಿಗೆ ತಂದಾಗ ಮರಿಗಳಿಗೆ ನಾಲ್ಕು ವಾರವೂ ತುಂಬಿರಲಿಲ್ಲ. ಒಂಬತ್ತು ದಿನ ಅವು ಇಲ್ಲೇ ಇದ್ದವು. ಐದಕ್ಕೂ ಐದು ಅಲ್ಯೂಮಿನಿಯಂ ಬಟ್ಟಲು. ಫದ್ವಾ ಹಾಲಿನ ಪುಡಿ ಕಲಸಿ, ಬ್ರೆಡ್ಡು ನೆನೆಸಿ ದಿನಕ್ಕೆ ಐದು ಸಲ ತಿನ್ನಿಸಿದ್ದಳು. ಡಾಕ್ಟರು ಹೇಳಿದಂತೆ ಬಟ್ಟಲುಗಳನ್ನು ಪ್ರತಿ ಸಲವೂ ಹತ್ತು ನಿಮಿಷ ಬ್ಲೀಚ್ ನೀರಿನಲ್ಲಿ ಮುಳುಗಿಸಿಡುತ್ತಿದ್ದಳು. ಅಷ್ಟಕ್ಕೆ ಅವಳ ಮನಸ್ಸಿಗೆ ಸಮಾಧಾನವಾಗುತ್ತಿರಲಿಲ್ಲ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಮೊದಲನೆಯದು ಮಣ್ಣಿನಿಂದ, ಎಂದು ಅವಳ ತಾಯಿ ಕಲಿಸಿದ್ದಳು. ಅದೇ ನಲ್ಲಿಯ ಹತ್ತಿರ ಚಹಾದ ಲೋಟಗಳನ್ನೂ ತೊಳೆಯಬೇಕು, ಅದೇ ಕೈಯಿಂದ ಮನೆಗೆ ಹೋಗಿ ಹಿಟ್ಟು ನಾದಬೇಕು. ಹಾಗಾಗಿ ಎರಡನ್ನೂ ಮಾಡುತ್ತಿದ್ದಳು. ಮೊದಲು ಬ್ಲೀಚು, ಆಮೇಲೆ ಮಣ್ಣು, ಆಮೇಲೆ ಆರು ಸಲ ನೀರು. ವಾರಕ್ಕೊಮ್ಮೆ ನೀರು ಬರುವ ಊರು. ಆರು ಸಲ ನಲ್ಲಿ ಬಿಡುವ ಹಾಗಿಲ್ಲ. ಒಂದೇ ಬೋಗುಣಿಯ ನೀರಿನಲ್ಲಿ ಆರು ಸಲ ಅದ್ದಿ ತೆಗೆಯುತ್ತಿದ್ದಳು. ಮಣ್ಣಿಗೆಂದು ಹಲ್ವಾದ ಒಂದು ಹಳೆಯ ಡಬ್ಬಿ ಇಟ್ಟುಕೊಂಡಿದ್ದಳು. ಮನೆಯ ಹಿತ್ತಿಲಿನ ಮಣ್ಣು, ಜರಡಿ ಹಿಡಿದದ್ದು.

ಡಾಕ್ಟರ್ ಅನೀಸ್ ಕ್ರೈಸ್ತರು. ಮೊದಲ ದಿನವೇ ನೋಡಿ, "ಅದು ನಿನಗೂ ದೇವರಿಗೂ ಬಿಟ್ಟದ್ದು. ಬ್ಲೀಚ್ ಮಾತ್ರ ಮರೀಬೇಡ," ಎಂದಿದ್ದರು.

ಸುಮ್ಮನಿರಲಾಗದೆ ಮಾತಾಡಿದವರು ಅಬೂ ಹಾಯಿಲ್. ಮರಿಗಳನ್ನು ನೋಡಲು ಬಂದವರು ನಲ್ಲಿಯ ಹತ್ತಿರ ನಿಂತು, "ಏನವ್ವ ಇದು, ಬಟ್ಟಲಿಗೆ ಮಣ್ಣು ಬಳೀತಿದ್ದೀಯ?" ಎಂದು ಕೇಳಿದ್ದರು.

"ನಾಯಿ ನೆಕ್ಕಿದ್ದಲ್ವಾ ದೊಡ್ಡಪ್ಪ."

"ನಾಯಿ ಎಲ್ಲಿದೆ ಇಲ್ಲಿ?" ಅವರು ಸುತ್ತಲೂ ಹುಡುಕುವವರಂತೆ ನೋಡಿದ್ದರು. "ಇದು ಸಲೂಕಿ ಕಣವ್ವ. ನಮ್ಮಪ್ಪ ತನ್ನ ತಟ್ಟೇಲೇ ಇವುಗಳ ಮುತ್ತಜ್ಜಿಗೆ ಅನ್ನ ಹಾಕ್ತಿದ್ದ. ಮೊದಲು ಅವಳು, ಆಮೇಲೆ ನಾವು. ನೋಡು, ನಾ ಇನ್ನೂ ಗುಂಡುಕಲ್ಲಿನ ಹಾಗಿದ್ದೀನಿ."

"ನಿಮ್ಮ ಕಡೆ ಹಾಗಿರಬಹುದು."

"ನಮ್ಮ ಕಡೆ ಮದುವೆ ಹೆಣ್ಣಿಗೂ ಏಳು ಸಲ ನೀರು ಹಾಕಲ್ಲ," ಎಂದು ಅವರು ಹೊಟ್ಟೆ ಹಿಡಿದು ನಕ್ಕಿದ್ದರು. ಒಳಗೆ ಡಾಕ್ಟರೂ ನಕ್ಕದ್ದು ಕೇಳಿಸಿತ್ತು. ಫದ್ವಾಳ ಕಿವಿ ಬಿಸಿಯಾಗಿತ್ತು. ಅವತ್ತಿನಿಂದ ಮುದುಕರು ಹೊರಟ ಮೇಲೆಯೇ ಅವಳು ಹಲ್ವಾದ ಡಬ್ಬಿ ತೆಗೆಯುತ್ತಿದ್ದಳು.

*

ಆ ಭಾನುವಾರ ಸಂಜೆ ಮುದುಕರು ಊರಿಗೆ ಹೋದರು. ಮರಿಗಳನ್ನು ಹಿಂದಿನ ಉಗ್ರಾಣದ ಕೋಣೆಯಲ್ಲಿ ಬೇರೆಯಾಗಿ ಇಟ್ಟಿದ್ದರು. ಡಾಕ್ಟರು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, "ರೋಗ ತಡೆಯೋ ಬಿಳಿ ಕಣ ಹುಡುಕಿದ್ರೂ ಸಿಗ್ತಿಲ್ಲ," ಎಂದು ಕಣ್ಣುಜ್ಜಿಕೊಂಡರು. ಹೊರಗೆ ಗ್ಯಾಸ್ ಮಾರುವ ಗಾಡಿ ತನ್ನ ಅದೇ ರಾಗ ಹಾಡಿಕೊಂಡು ಬೀದಿ ದಾಟಿತು.

ಫದ್ವಾ ನೀರಿನ ಬಟ್ಟಲುಗಳನ್ನು ಬ್ಲೀಚಿನಿಂದ ತೆಗೆದು, ಡಬ್ಬಿಯ ಮುಚ್ಚಳ ತೆರೆದು, ಬೆರಳು ಹಾಕಿದಳು. ಮಣ್ಣು ಬೆರಳಿಗೆ ದಪ್ಪವಾಗಿ ಸಿಕ್ಕಿತು. ಸಣ್ಣ ಕಲ್ಲುಗಳು, ಒಂದು ಒಣಗಿದ ಎಲೆ. ಮನೆಯ ಮಣ್ಣಲ್ಲ ಇದು ಎಂದು ಅವಳಿಗೆ ನೆನಪಾಯಿತು. ಮರಿಗಳು ಊರಿಗೆ ಹೋಗುವುದಕ್ಕೆ ಮೂರು ದಿನ ಮುಂಚೆ, ಶುಕ್ರವಾರ, ರಜೆಯ ದಿನ, ತಿನ್ನಿಸುವುದಕ್ಕೆಂದೇ ಬಂದಿದ್ದಳು. ಡಬ್ಬಿ ಖಾಲಿಯಾಗಿತ್ತು. ಮನೆಗೆ ಹೋಗಿ ತರಲು ಹೊತ್ತಿರಲಿಲ್ಲ. ಮಣ್ಣು ಮಣ್ಣೇ ಅಲ್ಲವೇ ಎಂದು ಆಸ್ಪತ್ರೆಯ ಹಿತ್ತಿಲಿಗೆ ಹೋಗಿ ದಾಳಿಂಬೆ ಗಿಡದ ಬುಡದಿಂದ ತುಂಬಿಕೊಂಡು ಬಂದಿದ್ದಳು. ಅಲ್ಲಿನ ಮಣ್ಣು ಮೆತ್ತಗಿತ್ತು.

ಅಲ್ಲಿ ಮಣ್ಣು ಯಾಕೆ ಮೆತ್ತಗಿತ್ತು ಎಂಬುದು ಅದರ ಹಿಂದೆಯೇ ನೆನಪಾಯಿತು.

ಎರಡು ತಿಂಗಳ ಹಿಂದೆ ಒಬ್ಬ ಕುರುಬ ತಂದಿದ್ದ ಕಾವಲು ನಾಯಿಮರಿ ಇದೇ ವಾಸನೆಯಲ್ಲಿ, ಇದೇ ಮೇಜಿನ ಮೇಲೆ ಒಂದೇ ದಿನದಲ್ಲಿ ಸತ್ತಿತ್ತು. ಮೇಜು, ನೆಲ ತೊಳೆದ ಬಕೆಟ್ಟಿನ ನೀರನ್ನು ಕಕ್ಕಸಿಗೆ ಸುರಿದು ಬ್ಲೀಚ್ ಹಾಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವತ್ತು ಕಕ್ಕಸು ಕಟ್ಟಿಕೊಂಡಿತ್ತು. ನೀರು ಬಂದು ಆರು ದಿನವಾಗಿತ್ತು. ಒಂದು ಬಕೆಟ್ ನೀರು ಮರವಾದರೂ ಕುಡಿಯಲಿ ಎಂದು ಅವಳು ದಾಳಿಂಬೆಯ ಬುಡದ ಮಣ್ಣು ಅಗೆದು ಸಡಿಲಿಸಿ ಅದನ್ನು ಅಲ್ಲಿಗೆ ಸುರಿದಿದ್ದಳು.

ಕೈ ತೊಳೆದುಕೊಂಡು ಹಸಿರು ನೋಟ್‌ಬುಕ್ ತೆಗೆದಳು. ಹುಡುಕಬೇಕಾಗಲಿಲ್ಲ. ಅವಳದೇ ದುಂಡು ಅಕ್ಷರ, ಅಡಿಗೆ ಅಳತೆಪಟ್ಟಿ ಇಟ್ಟು ಎಳೆದ ಎರಡು ಗೆರೆ: ಈ ರೋಗದ ವೈರಾಣು ಮಣ್ಣಿನಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಅದನ್ನು ಬರೆದ ಸಂಜೆ ತರಗತಿಯಲ್ಲಿ ಹೀಟರ್ ಕೆಟ್ಟಿದ್ದು, ಎಲ್ಲರೂ ಕೋಟು ಹಾಕಿಕೊಂಡೇ ಕುಳಿತಿದ್ದದ್ದು ನೆನಪಿತ್ತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು. ಅವಳಿಗೆ ಪೂರ್ತಿ ಅಂಕ ಸಿಕ್ಕಿತ್ತು.

*

ಸೋಮವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಒಂದು ಮರಿ ಸತ್ತಿತ್ತು. ಮುದುಕರು ಹತ್ತು ಗಂಟೆಗೆ ಬಂದರು. ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಎಷ್ಟಿದಾವೆ?" ಎಂದು ಕೇಳಿದರು.

"ಎರಡು," ಎಂದಳು ಫದ್ವಾ. ಆಮೇಲೆ ಅವರ ಕಾಲು ನೋಡಿದಳು. ನೀಲಿ ಪ್ಲಾಸ್ಟಿಕ್ ಚಪ್ಪಲಿ, ಮೇಲೆ ಒಂದೊಂದು ಬಿಳಿ ಹೂವು. ಹಿಮ್ಮಡಿ ಹಿಂದಕ್ಕೆ ಎರಡು ಬೆರಳಷ್ಟು ಚಾಚಿಕೊಂಡಿತ್ತು. "ಬೂಟೆಲ್ಲಿ ದೊಡ್ಡಪ್ಪ?"

"ಸುಟ್ಟೆ. ಇದು ನನ್ನ ಹೆಂಡ್ತಿ ಉಮ್ಮ್ ಹಾಯಿಲಳದ್ದು. ಅವಳು ಬೈದಿದ್ದನ್ನೆಲ್ಲ ಕೇಳಿದ್ರೆ ಈ ಚಪ್ಪಲೀನೇ ಹೇಳುತ್ತೆ." ನಗಿಸಲು ನೋಡಿದರು. "ಬಟ್ಟೇನೂ ಸುಟ್ಟೆ. ಮನೇಲಿ ಶೀಹಾ ಹತ್ರ ಹೋಗ್ತಿಲ್ಲ. ಅವಳಿಗೆ ಅರ್ಥ ಆಗಲ್ಲ, ಹಗ್ಗ ಜಗ್ಗಿಕೊಂಡು ಕೂಗ್ತಾಳೆ."

ಅವರು ಹೋದ ಮೇಲೆ ಫದ್ವಾ ಡಾಕ್ಟರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಬಕೆಟ್ಟು, ದಾಳಿಂಬೆ, ಶುಕ್ರವಾರ, ಡಬ್ಬಿ. ನೋಟ್‌ಬುಕ್ಕಿನ ಆ ಪುಟವನ್ನೂ ತೆರೆದು ಮುಂದಿಟ್ಟಳು.

"ಹೋದ ತಿಂಗಳು ಆ ಹಸು ಸತ್ತಾಗ ನಿನ್ನ ಥರ್ಮಾಮೀಟರ್ ತಪ್ಪು ಅಂತ ಎರಡು ದಿನ ಊಟ ಬಿಟ್ಟಿದ್ದೆ," ಡಾಕ್ಟರ್ ಅನೀಸ್ ಹೇಳಿದರು. "ಅದು ಪ್ಲಾಸ್ಟಿಕ್ ನುಂಗಿ ಸತ್ತಿತ್ತು."

"ಇದು ಹಾಗಲ್ಲ ಡಾಕ್ಟ್ರೇ."

ಅವರು ಪುಟವನ್ನು ಓದಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ಹಿತ್ತಿಲು ನೋಡಿದರು. ದಾಳಿಂಬೆ ಮೊಗ್ಗು ಬಿಟ್ಟಿತ್ತು. "ಖಚಿತವಾಗಿ ಯಾರೂ ಹೇಳೋಕಾಗಲ್ಲ," ಎಂದರು. "ಸಂತೆಯೂ ಇರಬಹುದು. ಆ ಮಣ್ಣೂ ಇರಬಹುದು. ದಿನದ ಲೆಕ್ಕ ಎರಡಕ್ಕೂ ಕೂಡುತ್ತೆ."

"ಅವರಿಗೆ ಸಂತೆ ಅಂತ ಹೇಳಿದೀರಿ."

"ನಿನ್ನೆ ನನಗೆ ಗೊತ್ತಿದ್ದಿದ್ದು ಅಷ್ಟೇ."

"ಇವತ್ತು?"

ಡಾಕ್ಟರು ತಿರುಗಿದರು. "ಕೇಳು ಫದ್ವಾ. ಈಗ ಹೇಳಿದ್ರೆ ಮುದುಕರು ಮರಿಗಳನ್ನ ಇಲ್ಲಿ ಒಂದು ಗಳಿಗೆ ಬಿಡಲ್ಲ. ಯಾರು ಬಿಡ್ತಾರೆ? ನಾನಾದ್ರೂ ಬಿಡ್ತಿರ್ಲಿಲ್ಲ. ಎತ್ಕೊಂಡು ಹೋಗ್ತಾರೆ. ಡ್ರಿಪ್ ತಪ್ಪಿದ್ರೆ ಸಂಜೆ ಒಳಗೆ ಎರಡೂ ಸಾಯ್ತವೆ. ಮೊದಲು ಬದುಕಲಿ. ಆಮೇಲೆ ಹೇಳೋಣ. ನಾನೇ ಹೇಳ್ತೀನಿ, ಆಸ್ಪತ್ರೆ ನನ್ನದು."

ಆ ಮಾತು ಸರಿಯಾಗಿತ್ತು. ಅದು ತನಗೆಷ್ಟು ಅನುಕೂಲವಾಗಿದೆ ಎಂದು ಕಂಡದ್ದರಿಂದಲೇ ಫದ್ವಾಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಆದರೂ ತಲೆಯಾಡಿಸಿದಳು. ಹಲ್ವಾದ ಡಬ್ಬಿಯನ್ನು ಮಣ್ಣಿನ ಸಮೇತ ಬ್ಲೀಚಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಅದು ಗುಳುಗುಳು ಎಂದು ಗಾಳಿ ಬಿಟ್ಟು ಕೆಳಗೆ ಹೋಯಿತು. ಮಧ್ಯಾಹ್ನವೆಲ್ಲ ಮರಿಗಳ ಹತ್ತಿರ ಕುಳಿತು ಹನಿ ಎಣಿಸಿದಳು, ಬಿಸಿನೀರಿನ ಬಾಟಲಿ ಬದಲಿಸಿದಳು, ಒಸಡು ಒತ್ತಿ ಕೆಂಪು ಮರಳಲು ಎಷ್ಟು ಹೊತ್ತು ಬೇಕೆಂದು ನೋಡಿದಳು.

*

ಮಂಗಳವಾರ ಗಂಡುಮರಿ ಸಾಯುವಾಗ ಮುದುಕರು ಅಲ್ಲೇ ಇದ್ದರು. ಅಲ್ಲೇ ಅಂದರೆ ಉಗ್ರಾಣದ ಹಿಂಬಾಗಿಲ ಆಚೆ, ಬಿಸಿಲಿನಲ್ಲಿ. ಬಾಗಿಲು ತೆರೆದಿತ್ತು. ಮರಿ ಎರಡು ಸಲ ಕಾಲು ಒದ್ದುಕೊಂಡಿತು. ಅವರ ವಾಸನೆ ಸಿಕ್ಕಿತೋ ಏನೋ, ಮೂಗನ್ನು ಬಾಗಿಲ ಕಡೆ ತಿರುಗಿಸಿ ಕುಂಯ್ ಎಂದಿತು. ಮುದುಕರ ಕೈ ಬೆನ್ನ ಹಿಂದಿನಿಂದ ಮುಂದಕ್ಕೆ ಬಂತು. ಮತ್ತೆ ಹಿಂದಕ್ಕೆ ಹೋಯಿತು.

"ನಾ ಮುಟ್ಟಿದ್ರೆ ಇನ್ನೂ ಹೆಚ್ಚಾಗುತ್ತೆ ಅಲ್ವಾ ಮಗಳೇ," ಎಂದರು.

ಡಾಕ್ಟರು ಮರಿಯ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ತೆಗೆದು, ಮುಂದಿನ ಕೋಣೆಗೆ ಹೋದರು. ಫದ್ವಾ ಸತ್ತ ಮರಿಯ ಕಾಲಿನಿಂದ ಸೂಜಿ ಬಿಚ್ಚಿದಳು. ಇನ್ನು ಉಳಿದದ್ದು ಒಂದೇ. ಎಲ್ಲಕ್ಕಿಂತ ಚಿಕ್ಕದು, ಹೆಣ್ಣು, ಮರಳಿನ ಬಣ್ಣದ್ದು, ಎಡ ಮುಂಗಾಲಿನ ತುದಿ ಮಾತ್ರ ಬಿಳಿ. ಹೆಸರಿರಲಿಲ್ಲ. ಮೊದಲ ಮೊಲ ಹಿಡಿಯುವವರೆಗೆ ಅಬೂ ಹಾಯಿಲರ ಮನೆಯಲ್ಲಿ ಯಾವ ಮರಿಗೂ ಹೆಸರಿಡುತ್ತಿರಲಿಲ್ಲ. ಬೆಳಿಗ್ಗೆ ಅದರ ವಾಂತಿ ನಿಂತಿತ್ತು. ಮೈ ಬಿಸಿ ಇಳಿದಿತ್ತು, ಆದರೆ ಇಳಿಯಬೇಕಾದದ್ದಕ್ಕಿಂತ ಕೆಳಗೆ ಇಳಿದಿತ್ತು. ಒಳ್ಳೆಯದೋ ಕೆಟ್ಟದ್ದೋ ಎಂದು ಡಾಕ್ಟರೂ ಹೇಳಿರಲಿಲ್ಲ.

"ಐವತ್ತು ವರ್ಷದಿಂದ ನಾಯಿ ಸಾಕ್ತಿದ್ದೀನಿ," ಮುದುಕರು ಹೊರಗಿನಿಂದ ಹೇಳುತ್ತಿದ್ದರು. "ತೋಳದ ಬಾಯಿಂದ ಬಿಡಿಸಿದ್ದೀನಿ. ಹಾವು ಕಚ್ಚಿದ್ದನ್ನ ಉಳಿಸಿದ್ದೀನಿ. ಕೊನೆಗೆ ನೋಡು, ಒಂದು ಲೋಟ ಚಹಾ. ಅದೂ ಸಕ್ಕರೆ ಕಮ್ಮಿ. ಬೇಡ ಅಂದಿದ್ರೆ ಬೀಗರು ಏನು ಮಾಡ್ತಿದ್ರು? ಜಂಭದವ್ನು ಅಂತಿದ್ರು. ಅಂದ್ಕೊಳ್ಲಿ."

"ದೊಡ್ಡಪ್ಪ."

"ಹೂಂ."

"ಅದು ಸಂತೆಯಿಂದ ಬಂದಿದ್ದಲ್ಲ."

ಅವರು ತಲೆ ಎತ್ತಿದರು. ಫದ್ವಾ ಹೊಸ್ತಿಲಿಗೆ ಬಂದು ನಿಂತಳು. ಕೈಯಲ್ಲಿ ಬಿಚ್ಚಿದ ಸೂಜಿ ಹಾಗೇ ಇತ್ತು. ಮೊದಲೇ ಯೋಚಿಸಿಟ್ಟ ಮಾತುಗಳು ಯಾವುವೂ ಬರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದಳು, ಸಂಜೆ ತರಗತಿಯಲ್ಲಿ ಪಾಠ ಒಪ್ಪಿಸಿದಂತೆ. ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲೇ ದಾಳಿಂಬೆ ಇತ್ತು. ಅದನ್ನು ಬೆರಳಿಟ್ಟು ತೋರಿಸಿದಳು. ಮುದುಕರು ತಿರುಗಿ ಗಿಡವನ್ನು ನೋಡಿದರು. ಅದರ ಬುಡದಲ್ಲಿ ಡಬ್ಬಿಯಿಂದ ಕೆದರಿದ ಗುಳಿ ಇನ್ನೂ ಇತ್ತು.

"ಡಾಕ್ಟ್ರು ಖಚಿತ ಇಲ್ಲ ಅಂತಾರೆ," ಎಂದಳು. "ನನಗೆ ಖಚಿತ."

ಮುದುಕರು ಗಿಡದಿಂದ ಇತ್ತ ತಿರುಗಿದರು. ಕತ್ತಿನ ಹತ್ತಿರ ತಲೆವಸ್ತ್ರದ ತುದಿಯನ್ನು ಸರಿಮಾಡಿಕೊಂಡರು. ಆಮೇಲೆ, "ಅವತ್ತು ನಾನು ನಕ್ಕಿದ್ದೆ," ಎಂದರು.

"ಹೌದು."

"ಆಮೇಲೂ ತೊಳೆದೆ."

"ನೀವಿಲ್ಲದಾಗ ತೊಳೆದೆ."

"ಏಳು ಸಲ."

"ಏಳು ಸಲ."

"ಯಾರು ಕಲಿಸಿದ್ದು?"

"ನಮ್ಮಮ್ಮ."

ಅವಳಿಗೆ ದೇವರ ಕರುಣೆ ಇರಲಿ ಎಂದು ಅವರು ತುಟಿಯಲ್ಲೇ ಹೇಳಿದರು. ಸತ್ತವರ ಮಾತು ಬಂದರೆ ಯಾರಾದರೂ ಹೇಳುವುದು ಅದು, ಅಷ್ಟೇ. ಆಮೇಲೆ ಮೂರು ದಿನದಲ್ಲಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದರು. ಸತ್ತ ಮರಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಅದರ ಕಿವಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ಸವರಿದರು. ಮೇಲುಹೊದಿಕೆ ಕಳಚಿ ನೆಲದ ಮೇಲೆ ಹಾಸಿ, ಬಿಳಿ ಕಾಲಿನ ಮರಿಯನ್ನು ಎತ್ತಿ ಅದರಲ್ಲಿಟ್ಟು ಸುತ್ತತೊಡಗಿದರು.

ಡಾಕ್ಟರ್ ಅನೀಸ್ ಬಾಗಿಲಿಗೆ ಬಂದು ಒಂದು ನೋಟದಲ್ಲೇ ಎಲ್ಲ ಅರ್ಥಮಾಡಿಕೊಂಡರು. "ಅಬೂ ಹಾಯಿಲ್, ಬೈಯಿರಿ, ಹೊಡೀರಿ, ಊರೆಲ್ಲ ಹೇಳಿ. ಮರಿ ಮಾತ್ರ ಇಲ್ಲಿರಲಿ. ಇನ್ನೆರಡು ದಿನ. ಕೈಮುಗಿದು ಕೇಳ್ತೀನಿ."

"ನಿಮ್ಮ ಮೇಲೆ ಸಿಟ್ಟಿಲ್ಲ ಡಾಕ್ಟ್ರೇ," ಮುದುಕರು ಹೇಳಿದರು. "ಸಾಯೋದಾದ್ರೆ ತಾಯಿ ಹತ್ರ ಸಾಯ್ಲಿ. ಅವಳು ಮೂರು ದಿನದಿಂದ ಕೂಗ್ತಿದ್ದಾಳೆ."

ಅವರು ಮರಿಯನ್ನು ಎದೆಗೆ ಒತ್ತಿಕೊಂಡು ಎದ್ದರು. ಡ್ರಿಪ್ಪಿನ ಕೊಳವೆ ಬಿಗಿಯಾಯಿತು. ಇನ್ನೊಂದು ಹೆಜ್ಜೆ ಇಟ್ಟರೆ ಸೂಜಿ ಕಿತ್ತುಬರುತ್ತಿತ್ತು. ಫದ್ವಾ ಏನನ್ನೂ ಯೋಚಿಸದೆ ಮೊಳೆಯಿಂದ ಚೀಲ ತೆಗೆದು ತಲೆಯ ಮೇಲೆ ಎತ್ತಿ ಹಿಡಿದಳು. ಮುದುಕರು ನಡೆದರು, ಅವಳೂ ನಡೆದಳು. ಮುಂದಿನ ಕೋಣೆ, ಮೆಟ್ಟಿಲು, ಬೀದಿ. ಎದುರಿನ ಬೇಕರಿಯವನು ರೊಟ್ಟಿಯ ಹಲಗೆ ಹಿಡಿದುಕೊಂಡು ನಿಂತು ನೋಡಿದ. ಮುದುಕರು ಪಿಕಪ್ಪಿನ ಬಾಗಿಲು ತೆರೆದು ಮರಿಯನ್ನು ಸೀಟಿನ ಮಧ್ಯಕ್ಕೆ ಇಟ್ಟು, ಸುತ್ತಿ ಹೋಗಿ ಸ್ಟಿಯರಿಂಗ್ ಚಕ್ರದ ಮುಂದೆ ಕುಳಿತರು. ಹತ್ತು ಎನ್ನಲಿಲ್ಲ. ಇಳಿ ಎನ್ನಲಿಲ್ಲ. ಫದ್ವಾ ಹತ್ತಿ ಕುಳಿತಳು.

"ಫದ್ವಾ," ಡಾಕ್ಟರು ಮೆಟ್ಟಿಲಿಳಿದು ಬಂದರು. ಒಳಗೆ ಹೋಗಿ ಒಂದು ರಟ್ಟಿನ ಡಬ್ಬಿ ತಂದು ಕಿಟಕಿಯಿಂದ ಅವಳ ಮಡಿಲಿಗಿಟ್ಟರು. ಎರಡು ಡ್ರಿಪ್ ಚೀಲ, ಸಿರಿಂಜುಗಳು, ಥರ್ಮಾಮೀಟರ್, ಬ್ಲೀಚಿನ ಬಾಟಲಿ. "ಐದು ಗಂಟೆಗೆ ವಾಂತಿಯ ಇಂಜೆಕ್ಷನ್. ಕಾಲು ಮಿಲಿ. ಎರಡು ಸಲ ಅಳೆದು ಕೊಡು," ಎಂದರು. ಅವಳು ಎರಡು ಸಲ ಅಳೆಯುತ್ತಾಳೆಂದು ಅವರಿಗೆ ಗೊತ್ತಿತ್ತು. "ನಾಳೆ ಬೆಳಿಗ್ಗೆ ಆಸ್ಪತ್ರೆ ಮುಚ್ಚಿ ನಾನೇ ಬರ್ತೀನಿ."

ಗಾಡಿ ಹೊರಟಿತು.

ಊರು ದಾಟುವವರೆಗೆ ಮುದುಕರು ಆಡಿದ್ದು ಒಂದೇ ಮಾತು: "ಬಾಗಿಲು ಸರಿಯಾಗಿ ಹಾಕು." ಕೊಯ್ಲಿಗೆ ಬಂದ ಬಾರ್ಲಿಯ ಹೊಲಗಳು ಕಳೆದವು. ಹೊಲಗಳು ತೆಳುವಾಗುತ್ತ ಹೋಗಿ ಬರೀ ಕಲ್ಲುಗಳಾದವು. ಬ್ರೇಕಿನ ಮೇಲೆ ನೀಲಿ ಚಪ್ಪಲಿಯ ಬಿಳಿ ಹೂವು ಏರುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಹಳ್ಳಕ್ಕೂ ಮುದುಕರು ಗಾಡಿಯನ್ನು ನಿಲ್ಲಿಸಿದಷ್ಟು ನಿಧಾನ ಮಾಡಿ ಇಳಿಸುತ್ತಿದ್ದರು.

ಫದ್ವಾ ಬಲಗೈ ಸೋತಾಗ ಎಡಗೈಗೆ, ಎಡಗೈ ಸೋತಾಗ ಬಲಗೈಗೆ ಚೀಲ ಬದಲಿಸಿದಳು. ಕೈ ಸ್ವಲ್ಪ ಎತ್ತಿದರೂ ಗಾಡಿಯ ಚಾವಣಿಗೆ ತಗಲುತ್ತಿತ್ತು, ಕೆಳಗಿಳಿಸಿದರೆ ಹನಿ ನಿಲ್ಲುತ್ತಿತ್ತು. ಅರ್ಧ ದಾರಿಗೆ ಎರಡು ತೋಳೂ ನಡುಗತೊಡಗಿದವು. ಅವಳು ಮೊಣಕೈಯನ್ನು ಕಿಟಕಿಗೆ ಒತ್ತಿ ಹಿಡಿದಳು.

ಮುದುಕರು ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಕೈ ಮೇಲೆತ್ತಿದರು. ಮುಂದಿನ ಕನ್ನಡಿಯ ಕೊಕ್ಕೆಗೆ ತೂಗುಹಾಕಿದ್ದ ಜಪಮಣಿಯನ್ನು ಬಿಡಿಸಿ ಎದೆಯ ಜೇಬಿಗೆ ಹಾಕಿಕೊಂಡರು. ಕೈ ಮತ್ತೆ ಚಕ್ರಕ್ಕೆ ಹೋಯಿತು.

ಫದ್ವಾ ಸ್ವಲ್ಪ ಹೊತ್ತು ಆ ಖಾಲಿ ಕೊಕ್ಕೆಯನ್ನು ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ ಚೀಲವನ್ನು ಅದಕ್ಕೆ ಸಿಕ್ಕಿಸಿದಳು. ಅದು ಗಾಡಿಯ ಜೊತೆ ಅತ್ತಿತ್ತ ತೂಗಿತು. ಹನಿ ನಿಂತಿತು, ಮತ್ತೆ ಬಿದ್ದಿತು. ಕೆಳಗಿಳಿದ ಕೈಯನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ. ಮಡಿಲಲ್ಲಿಟ್ಟುಕೊಂಡಳು, ಆಮೇಲೆ ಹೊದಿಕೆಯೊಳಗೆ ತೂರಿಸಿ ಮರಿಯ ಕಿವಿ ಮುಟ್ಟಿದಳು. ಕಿವಿ ತಣ್ಣಗಿತ್ತು. ಅವಳು ಬೆರಳನ್ನು ಅಲ್ಲೇ ಬಿಟ್ಟು ಹನಿಗಳನ್ನು ಎಣಿಸತೊಡಗಿದಳು.